ಕರ್ಕೊಂಡ್ ಹೋಗೋಕೆ ವಾಪಸ್ ಬಂದವನ ಸೀಮೇಲಿ ಮೂರು ದಿನ

ಅಪ್ಪ ಈ ಸಲ ಮೂರು ತಿಂಗಳಿಗೆ ಅಂತ ಕೆನಡಾಕ್ಕೆ, ನಾವಿರೋ ಕ್ಯಾಲ್ಗರಿಗೆ ಬಂದಿದ್ರು. ಅಮ್ಮ ಬರ್ಲಿಲ್ಲ, ಮಂಡಿನೋವು, ಜೊತೆಗೆ ಎರಡು ಹಸು, ತೋಟ, ಅದನ್ನೆಲ್ಲ ಯಾರ ಮೇಲೆ ಬಿಟ್ಟು ಬರ್ತಾರೆ. ಬಂದ ಮೊದಲ ತಿಂಗಳಲ್ಲೇ ಬ್ಯಾಂಫ್, ಲೇಕ್ ಲೂಯೀಸ್ ಎಲ್ಲಾ ತೋರ್ಸಿದ್ವಿ, ನೋಡಿದ್ರು, ಚೆನ್ನಾಗಿದೆ ಅಂದ್ರು, ಆಮೇಲೆ ಒಂದಿನ ಸಂಜೆ ಕಾಫಿ ಕುಡೀತಾ "ಬೆಟ್ಟ ನೋಡಿದ್ದಾಯ್ತು ಕಣಪ್ಪ, ಈ ದೇಶದಲ್ಲಿ ಹೊಲ ಉಳೋರು ಎಲ್ಲಿದಾರೆ, ಅವರನ್ನ ತೋರ್ಸು" ಅಂದ್ರು. ತಿಪಟೂರು ಕಡೆ ನಾಲ್ಕು ಎಕರೆ ತೆಂಗು, ಒಂದಿಷ್ಟು ರಾಗಿ ಹೊಲ ಇಟ್ಕೊಂಡು ನಮ್ಮಿಬ್ಬರನ್ನ ಓದಿಸಿದ ಮನುಷ್ಯ ಕೇಳೋದು ಬೇರೆ ಏನಿರುತ್ತೆ.

ಆಫೀಸಲ್ಲಿ ನನ್ನ ಪಕ್ಕದ ಸೀಟಿನವನ ಮುತ್ತಾತ ಉಕ್ರೇನಿನ ಕಡೆಯವರು. ಅವನನ್ನ ಕೇಳ್ದೆ. ಎಡ್ಮಂಟನ್‌ನಿಂದ ಪೂರ್ವಕ್ಕೆ ಹೋಗಿ, ಹೈವೇ ಬಿಟ್ಟು ಒಳಗೆ ಇಳಿದು ಜಲ್ಲಿ ರಸ್ತೇಲಿ ಓಡಾಡಿ, ನಿಮ್ಮಪ್ಪಂಗೆ ಬೇಕಾಗಿರೋದೆಲ್ಲ ಅಲ್ಲಿದೆ ಅಂದ. ಹಾಗೇ ಉಕ್ರೇನಿಂದ ಕೆನಡಾಕ್ಕೆ ಮೊದಮೊದಲು ಬಂದವರಲ್ಲಿ ಒಬ್ಬನಾದ ವಾಸಿಲ್ ಎಲೆನ್ಯಾಕ್ ಅನ್ನೋ ರೈತನ ಹೆಸರನ್ನೂ ಹೇಳ್ದ. ಆ ರಾತ್ರಿ ಕೂತು ಅವನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ, ಓದಿದ್ಮೇಲೆ ನಿದ್ದೆ ಬರ್ಲಿಲ್ಲ. ಜುಲೈ ಮೂರನೇ ವಾರ ಶುಕ್ರವಾರ ಒಂದಿನ ರಜ ಹಾಕಿ ನಾನು, ನನ್ನ ಹೆಂಡ್ತಿ, ಒಂಬತ್ತು ವರ್ಷದ ಮಗಳು, ಅಪ್ಪ, ನಾಲ್ಕು ಜನ ಹೊರಟ್ವಿ.

ಮೊದಲನೇ ದಿನ

ಕ್ಯಾಲ್ಗರಿಯಿಂದ ಎಡ್ಮಂಟನ್ 300 ಕಿಲೋಮೀಟರ್, ನೇರ ರಸ್ತೆ, ಹೇಳೋಕೇನಿಲ್ಲ. ಬೆಳಿಗ್ಗೆ ಆರಕ್ಕೆ ಹೊರಟು ದಾರೀಲಿ ಚಿತ್ರಾನ್ನ ತಿಂದು ಹತ್ತೂವರೆಗೆಲ್ಲ ಎಲ್ಕ್ ಐಲ್ಯಾಂಡ್ ನ್ಯಾಷನಲ್ ಪಾರ್ಕ್ ಒಳಗಿದ್ವಿ. ಆ ಮೂರು ಚಿಲ್ಲರೆ ಗಂಟೇಲಿ ಅಪ್ಪಂಗೆ ಎಲೆನ್ಯಾಕ್ ಕಥೆ ಹೇಳಿದೆ.

ಇಬ್ಬರು ಗೆಳೆಯರು, ವಾಸಿಲ್ ಎಲೆನ್ಯಾಕ್ ಮತ್ತೆ ಇವಾನ್ ಪಿಲಿಪಿವ್. ಇಬ್ಬರೂ ಹುಟ್ಟಿದ್ದು 1859ರಲ್ಲಿ, ಊರು ನೆಬಿಲಿವ್, ಗಲೀಸಿಯಾ ಅನ್ನೋ ಸೀಮೆ. ಈಗ ಅದು ಪಶ್ಚಿಮ ಉಕ್ರೇನ್, ಆಗ ಆಸ್ಟ್ರಿಯಾ ಚಕ್ರವರ್ತಿಯ ಕೈಕೆಳಗಿತ್ತು. ಹೊಲ ಅಣ್ಣತಮ್ಮಂದಿರಿಗೆ ಹಂಚಿ ಹಂಚಿ ಚೂರಾಗಿತ್ತು, ಕಾಡೆಲ್ಲ ಜಮೀನ್ದಾರನದ್ದು, ಒಂದು ಹೊರೆ ಸೌದೆ ಬೇಕಂದ್ರೂ ಅವನ ಮುಂದೆ ನಿಲ್ಲಬೇಕು. ಅಕ್ಕಪಕ್ಕದ ಜರ್ಮನ್ ಒಕ್ಕಲುಗಳ ಕಡೆಯವರು ಕೆನಡಾಕ್ಕೆ ಹೋಗಿ ಜಮೀನು ಮಾಡ್ಕೊಂಡಿದಾರೆ ಅಂತ ಸುದ್ದಿ ಬಂತು. ಹೊರಟಾಗ ಮೂರು ಜನ ಇದ್ರು, ಕೈಲಿರೋ ದುಡ್ಡು ಸಾಲಲ್ಲ ಅಂತ ಒಬ್ಬನನ್ನ ದಾರೀಲೇ ವಾಪಸ್ ಕಳ್ಸಿದ್ರು. ಉಳಿದಿಬ್ಬರು 'ಆರೆಗನ್' ಅನ್ನೋ ಹಡಗಲ್ಲಿ ಬಂದು 1891ರ ಸೆಪ್ಟೆಂಬರ್ 7ಕ್ಕೆ ಕೆನಡಾ ನೆಲಕ್ಕೆ ಕಾಲಿಟ್ರು. ಕೆನಡಾದ ಉಕ್ರೇನಿಯನ್ನರು ತಮ್ಮ ಲೆಕ್ಕ ಶುರು ಮಾಡೋದು ಆ ದಿನದಿಂದಲೇ.

ಇಬ್ಬರಿಗೂ ಊರಲ್ಲಿ ಹೆಂಡ್ತಿ ಮಕ್ಕಳು. ಪಿಲಿಪಿವ್ ಸಂಸಾರ ಕರ್ಕೊಂಡ್ ಬರ್ತೀನಿ ಅಂತ ಆ ಚಳಿಗಾಲದಲ್ಲೇ ವಾಪಸ್ ಹೋದ, ಹೋಗಿ ಊರವರಿಗೆಲ್ಲ ಅಲ್ಲಿ ಭೂಮಿ ಇದೆ ಅಂತ ಹೇಳ್ದ. ಜನನ್ನ ಎಬ್ಬಿಸ್ತಿದಾನೆ ಅಂತ ಹಿಡಿದು ಒಂದು ತಿಂಗಳು ಜೈಲಿಗೆ ಹಾಕಿದ್ರು. ಎಲೆನ್ಯಾಕ್ ಇಲ್ಲೇ ಉಳಿದು ಮ್ಯಾನಿಟೋಬಾದ ಗ್ರೆಟ್ನಾ ಅನ್ನೋ ಊರಲ್ಲಿ ಮೆನನೈಟ್ ಅನ್ನೋ ಕ್ರೈಸ್ತ ಪಂಗಡದ ರೈತರ ಹೊಲದಲ್ಲಿ ಕೂಲಿ ಮಾಡ್ದ. ಎರಡು ವರ್ಷ ದುಡಿದು, ಉಳಿಸಿದ ದುಡ್ಡಲ್ಲಿ ಊರಿಗೆ ಹೋಗಿ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಬಂದ.

ಅಪ್ಪ ಕಿಟಕಿ ಕಡೆ ನೋಡ್ಕೊಂಡೇ ಕೇಳ್ತಿದ್ರು. "ದುಡ್ಡು ಕಳಿಸಿ ಬನ್ರಿ ಅನ್ನಬಹುದಿತ್ತಲ್ಲ, ತಾನೇ ಹೋದ್ನಾ?" ಅಂದ್ರು. ಹೌದು ಅಂದೆ. "ಹೂಂ" ಅಂದು ಸುಮ್ನಾದ್ರು.

ಎಲ್ಕ್ ಐಲ್ಯಾಂಡ್ ಅಂದ್ರೆ ದ್ವೀಪ ಅಲ್ಲ, ಸುತ್ತ ಬೇಲಿ ಹಾಕಿರೋ 194 ಚದರ ಕಿಲೋಮೀಟರ್ ಕಾಡು. 1906ರಲ್ಲಿ ಎಲ್ಕ್ ಜಿಂಕೆ ಉಳಿಸೋಕೆ ಶುರುವಾಗಿದ್ದು, ಈಗ ಬೈಸನ್‌ಗೆ, ಅಂದ್ರೆ ಈ ಕಡೆಯ ಕಾಡೆಮ್ಮೆಗೆ ಹೆಸರುವಾಸಿ. ಹೈವೇ ಉತ್ತರಕ್ಕೆ ಬಯಲು ಬೈಸನ್, ದಕ್ಷಿಣಕ್ಕೆ ಕಾಡು ಬೈಸನ್, ಎರಡೂ ಬೆರೀಬಾರ್ದು ಅಂತ ಬೇರೆ ಬೇರೆ ಇಟ್ಟಿದಾರೆ. ಒಂದು ಗೂಳಿ ರಸ್ತೆ ಮಧ್ಯ ನಿಂತು ಹದಿನೈದು ನಿಮಿಷ ಅಲ್ಲಾಡ್ಲಿಲ್ಲ. ಕಾರಿಂದ ಇಳೀಬಾರ್ದು, ಹಾರ್ನ್ ಹೊಡೀಬಾರ್ದು, ಅದಾಗೇ ಹೋಗೋವರೆಗೂ ಕಾಯೋದೊಂದೇ ದಾರಿ. ಅಪ್ಪ ಅದರ ಡುಬ್ಬ, ಗಂಗೆದೊಗಲು ಎಲ್ಲಾ ಕಣ್ಣಲ್ಲೇ ಅಳೆದು "ನೇಗಿಲಿಗೆ ಕಟ್ಟಿದ್ರೆ ಹೊಲನೇ ಎತ್ಕೊಂಡೋಗುತ್ತೆ" ಅಂದ್ರು, ಮಗಳು ಬಿದ್ದು ಬಿದ್ದು ನಕ್ಕಳು. ಆಸ್ಟೊಟಿನ್ ಕೆರೆ ದಂಡೇಲಿ ಹುಲ್ಲು ಹೊದಿಸಿರೋ ಒಂದು ಬಿಳೀ ಮನೆ ಇದೆ, ಉಕ್ರೇನಿಂದ ಬಂದವರ ನೆನಪಿಗೆ ಅಂತ 1951ರಲ್ಲಿ ಅವರ ಮನೆ ಥರಾನೇ ಕಟ್ಟಿದ್ದು. ಅಲ್ಲಿ ಸೊಳ್ಳೆ ಸಿಕ್ಕಾಪಟ್ಟೆ, ಜುಲೈನಲ್ಲಿ ಹೋಗೋರು ಸೊಳ್ಳೆ ಸ್ಪ್ರೇ ಇಲ್ದೆ ಕೆರೆ ಹತ್ರ ಇಳೀಬೇಡಿ, ನಾವು ಕಾರಲ್ಲೇ ಬಿಟ್ಟು ಇಳಿದು ಐದೇ ನಿಮಿಷಕ್ಕೆ ಓಡಿ ಬಂದ್ವಿ.

ಅಲ್ಲಿಂದ ಹತ್ತೇ ನಿಮಿಷ, ಹೈವೇ 16ರ ಪಕ್ಕದಲ್ಲೇ ಉಕ್ರೇನಿಯನ್ ಕಲ್ಚರಲ್ ಹೆರಿಟೇಜ್ ವಿಲೇಜ್. ಬೇಸಿಗೇಲಿ ಮಾತ್ರ ತೆಗೆದಿರುತ್ತೆ, ಮೇ ತಿಂಗಳಿಂದ ಸೆಪ್ಟೆಂಬರ್ ಮೊದಲ ಸೋಮವಾರದವರೆಗೆ. ಸುತ್ತಮುತ್ತಲ ಊರುಗಳಿಂದ ಹಳೇ ಮನೆ, ಚರ್ಚು, ಅಂಗಡಿ, ಎಲಿವೇಟರು ಅಂತ ಕರೆಯೋ ಧಾನ್ಯ ತುಂಬಿಡೋ ಎತ್ತರದ ಕಟ್ಟಡ ಎಲ್ಲಾ ಬುಡಸಮೇತ ಎತ್ತಿ ತಂದು ನಿಲ್ಸಿದಾರೆ, ಪಿಲಿಪಿವ್ ಮನೇನೂ ಅದರಲ್ಲಿದೆ. ಒಳಗಿರೋ ಹೆಂಗಸರು ಗಂಡಸರೆಲ್ಲ ಆ ಕಾಲದ ಬಟ್ಟೆ ಹಾಕ್ಕೊಂಡು ಆ ಕಾಲದವರ ಥರಾನೇ ಮಾತಾಡ್ತಾರೆ, ಏನ್ ಮಾಡಿದ್ರೂ ಈ ಕಾಲಕ್ಕೆ ಬರಲ್ಲ. ತಲೆಗೆ ವಸ್ತ್ರ ಕಟ್ಟಿದ್ದ ಒಬ್ಬ ಹೆಂಗಸು ನನ್ನ ಮಗಳನ್ನ "ಯಾವ ಹಡಗಲ್ಲಿ ಬಂದ್ರಿ, ಸಮುದ್ರದಲ್ಲಿ ವಾಂತಿ ಆಯ್ತಾ" ಅಂತ ಕೇಳಿದ್ಲು. ಇವಳು ಒಂದು ಕ್ಷಣ ನನ್ನ ಮುಖ ನೋಡಿ "ಬಸ್ಸಲ್ಲಿ ಆಗುತ್ತೆ, ಹಡಗಲ್ಲಿ ಗೊತ್ತಿಲ್ಲ" ಅಂದ್ಲು.

ಅಪ್ಪ ನಿಂತಿದ್ದು ಬುರ್ದೆಯ್ ಹತ್ರ. ಬುರ್ದೆಯ್ ಅಂದ್ರೆ ನೆಲದಲ್ಲಿ ಆಳಕ್ಕೆ ಗುಂಡಿ ತೋಡಿ ಮೇಲೆ ಮರದ ಕೊಂಬೆ ಇಟ್ಟು, ಹುಲ್ಲುಹೆಂಟೆ ಹೊದಿಸಿರೋ ಸೂರು. ಬಂದ ಮೊದಲನೇ ಚಳಿಗಾಲ, ಕೆಲವರು ಎರಡು ಮೂರು ಚಳಿಗಾಲ, ಇದರೊಳಗೇ ಇದ್ರಂತೆ. ಇಲ್ಲಿ ಮೈನಸ್ ನಲವತ್ತಕ್ಕೂ ಹೋಗುತ್ತೆ. ಅಪ್ಪ ಬಗ್ಗಿ ಒಳಗೆ ಇಳಿದ್ರು, ಗೋಡೆ ಮುಟ್ಟಿದ್ರು, "ಇದು ನಮ್ಮ ಹಗೇವು ಕಣೋ" ಅಂದ್ರು. ಅವರು ಚಿಕ್ಕವರಿದ್ದಾಗ ರಾಗಿ ತುಂಬ್ತಿದ್ದ ಹಗೇವು ನಮ್ಮ ಕಣದ ಮೂಲೇಲಿತ್ತು, ಅದನ್ನ ಮುಚ್ಚಿ ಎಷ್ಟೋ ವರ್ಷ ಆಯ್ತು. "ನಾವು ರಾಗಿ ಇಡ್ತಿದ್ವಿ, ಇವರು ಮಕ್ಕಳನ್ನ ಇಟ್ಕೊಂಡಿದಾರೆ."

ಬಾಗಿಲಲ್ಲಿದ್ದ ಹೆಂಗಸು ಹೇಳಿದ್ಲು, ನನ್ನ ಗಂಡ ಇಲ್ಲಿಲ್ಲ, ರೈಲ್ವೆ ಹಳಿ ಹಾಕೋ ಕೆಲಸಕ್ಕೆ ಹೋಗಿದಾನೆ, ಚಳಿ ಬರೋದ್ರೊಳಗೆ ಬರ್ತಾನೆ, ಬಂದ್ರೆ ಒಂದು ಹಸು ತಗೋಬೇಕು ಅಂತ. ಅದು ಅವಳ ಪಾತ್ರ, ಗೊತ್ತು. ಆದ್ರೆ ನಿಜಕ್ಕೂ ಹಾಗೇ ಇತ್ತು, ಗಂಡಸರು ತಿಂಗಳುಗಟ್ಟಲೆ ರೈಲ್ವೆ, ಗಣಿ, ಬೇರೆಯವರ ಫಾರಂ ಅಂತ ಹೋಗ್ಬಿಡೋರು, ಹೆಂಗಸರು ಮರ ಕಡಿದು, ಬೇರು ಕಿತ್ತು, ಹೊಲ ಮಾಡಿದ್ರು. ಸರ್ಕಾರ 10 ಡಾಲರ್‌ಗೆ 160 ಎಕರೆ ಕೊಡ್ತಿತ್ತು, ಆದ್ರೆ ಮೂರು ವರ್ಷದಲ್ಲಿ ಅಲ್ಲಿ ಮನೆ ಕಟ್ಟಿ, ಇಂತಿಷ್ಟು ಅಂತ ನೆಲ ಉತ್ತು, ವಾಸ ಮಾಡಿ ತೋರಿಸಿದ್ರೆ ಮಾತ್ರ ಪತ್ರ. 160 ಎಕರೆ ಅಂದಾಗ ಅಪ್ಪ ನನ್ನನ್ನ ಎರಡ್ಸಲ ಕೇಳಿದ್ರು, ನೂರಾ ಅರವತ್ತಾ ಅಂತ.

ಪಕ್ಕದ ಮಣ್ಣಿನ ಮನೇಲಿ ಇನ್ನೂ ಅರ್ಧ ಗಂಟೆ. ಮರದ ದಿಮ್ಮಿ ಗೋಡೆ, ಅದರ ಮೇಲೆ ಜೇಡಿಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿ ಸುಣ್ಣ ಬಳಿದಿರೋದು, ಬಾಗಿಲು ದಕ್ಷಿಣಕ್ಕೆ, ಪೂರ್ವದ ಗೋಡೆಗೆ ದೇವರ ಪಟಗಳು, ಪಟಕ್ಕೆ ಕಸೂತಿ ಹಾಕಿದ ವಸ್ತ್ರ. ಮೂಲೇಲಿ ಬೀಸೋಕಲ್ಲು! ನನ್ನ ಹೆಂಡ್ತಿ ಅದನ್ನ ತಿರುಗಿಸಿ ನೋಡಿದ್ಲು, ಗೂಟ ಹಿಡಿಯೋ ರೀತಿನೂ ಅದೇ. ಮನೆಯ ಕಾಲುಭಾಗ ಒಲೆನೇ, ಪೀಚ್ ಅಂತಾರೆ, ಮಣ್ಣಿನ ದೊಡ್ಡ ಒಲೆ, ಅದರ ಮೇಲೇ ಮಕ್ಕಳು ಮಲಗ್ತಿದ್ರಂತೆ ಬೆಚ್ಚಗೆ. ಅಲ್ಲಿಯ ಕ್ಯಾಂಟೀನಲ್ಲಿ ಪಿರೋಹಿ ತಿಂದ್ವಿ, ಆಲೂಗಡ್ಡೆ ಹೂರಣದ ಬೇಯಿಸಿದ ಕಡುಬು ಅಂದ್ಕೊಳ್ಳಿ, ಮೇಲೆ ಬೆಣ್ಣೇಲಿ ಹುರಿದ ಈರುಳ್ಳಿ, ಪಕ್ಕಕ್ಕೆ ಹುಳಿ ಕ್ರೀಮು. ನಮ್ಮ ಥರ ಮಾಂಸ ತಿನ್ನದೇ ಇರೋರು ಆರ್ಡರ್ ಮಾಡೋಕೆ ಮೊದಲೇ ಬೇಕನ್, ಅಂದ್ರೆ ಹಂದಿಮಾಂಸ ಹಾಕ್ಬೇಡಿ ಅಂತ ಹೇಳ್ಬೇಕು, ಬೋರ್ಷ್ ಅನ್ನೋ ಬೀಟ್‌ರೂಟ್ ಸಾರು ಮಾಂಸದ ನೀರಲ್ಲಿ ಕುದಿಸಿದ್ದಾ ಅಂತಲೂ ಕೇಳ್ಬೇಕು. ಎಲೆಕೋಸಿನ ಎಲೇಲಿ ಅನ್ನ ಸುತ್ತಿ ಬೇಯಿಸಿದ ಹೊಲುಬ್ಸಿ ಮಾಂಸ ಇಲ್ದಿರೋದೂ ಸಿಗುತ್ತೆ. ಅಪ್ಪ ಮೊದಲ ತುತ್ತು ಬಾಯಿಗಿಟ್ಟು ನಿಲ್ಸಿದ್ರು, ನಾನು ಏನೋ ಆಯ್ತು ಅಂತ ಗಾಬರಿ ಆದೆ. "ಸಬ್ಬಸಿಗೆ ಸೊಪ್ಪು ಹಾಕಿದಾರೆ" ಅಂದ್ರು. ಕ್ಯಾಲ್ಗರಿಗೆ ಬಂದ್ಮೇಲೆ ಅವರು ಎರಡನೇ ಸಲ ಹಾಕಿಸ್ಕೊಂಡು ತಿಂದ ಹೊರಗಿನ ಊಟ ಅದೊಂದೇ.

ಎರಡನೇ ದಿನ

ರಾತ್ರಿ ವೆಗ್ರೆವಿಲ್‌ನಲ್ಲಿ ಉಳ್ಕೊಂಡಿದ್ವಿ. ಬೆಳಿಗ್ಗೆ ಎದ್ದು ಹೈವೇ 15 ಹಿಡ್ಕೊಂಡು ಮಂಡೇರ್, ಚಿಪ್‌ಮನ್, ಲಮಾಂಟ್, ಸ್ಟಾರ್ ಅಂತ ಪಶ್ಚಿಮಕ್ಕೆ ಹೋದ್ವಿ. ಮಂಡೇರ್‌ನಲ್ಲಿ 42 ಅಡಿ ಎತ್ತರದ ಸಾಸೇಜ್ ಪ್ರತಿಮೆ ಇದೆ, ಆ ಊರಿನ ಸಾಸೇಜ್‌ಗೆ ದೂರದೂರದಿಂದ ಜನ ಬರ್ತಾರೆ, ನಮಗೆ ಅದು ಫೋಟೋಗಷ್ಟೇ. ಮುಂದಕ್ಕೆ ಹೋದ್ವಿ.

ರಸ್ತೆಯ ಎರಡೂ ಕಡೆ ಕನೋಲಾ, ಅಡುಗೆ ಎಣ್ಣೆ ತೆಗೆಯೋ ಬೆಳೆ, ಹೂ ಬಿಟ್ಟಿತ್ತು. ನಾನು ಎಷ್ಟೋ ವರ್ಷದಿಂದ ನೋಡ್ತಿದೀನಿ, ಆದ್ರೂ ಆ ಹಳದಿಗೆ ಕಣ್ಣು ಒಗ್ಗಿಲ್ಲ, ಬಾನಂಚಿನ ತನಕ ಅರಿಶಿನ ಚೆಲ್ಲಿದ ಹಾಗೆ. ಅಪ್ಪ ಹೂ ಕಿತ್ತು ಮೂಸಿ "ಸಾಸ್ವೆ ಜಾತಿ" ಅಂದ್ರು, ಸರಿಯಾಗೇ ಹೇಳಿದ್ರು.

ಚಿಪ್‌ಮನ್ ಪುಟ್ಟ ಊರು, ಶನಿವಾರ ಬೆಳಿಗ್ಗೆ ಬೀದೀಲಿ ಒಂದು ನರಪಿಳ್ಳೆ ಇಲ್ಲ. ಎಲೆನ್ಯಾಕ್ ಸಂಸಾರ ಕಟ್ಕೊಂಡು 1898ರಲ್ಲಿ ಬಂದು ಜಮೀನು ಮಾಡಿದ್ದು ಈ ಊರ ಹತ್ರಾನೇ. ಆಮೇಲೆ ಎಲ್ಲೂ ಹೋಗ್ಲಿಲ್ಲ, ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳನ್ನ ನೋಡಿ 1956ರಲ್ಲಿ 96ನೇ ವಯಸ್ಸಿಗೆ ತೀರ್ಕೊಂಡ. ಅದಕ್ಕೆ ಒಂಬತ್ತು ವರ್ಷ ಮುಂಚೆ, 1947ರ ಜನವರಿ 3ಕ್ಕೆ, ಕೆನಡಾ ಮೊಟ್ಟಮೊದಲ ಸಲ ತನ್ನದೇ ಪೌರತ್ವದ ಪತ್ರ ಕೊಟ್ಟಾಗ ಆಟವಾದ ಸುಪ್ರೀಂ ಕೋರ್ಟಲ್ಲಿ ನಡೆದ ಸಮಾರಂಭಕ್ಕೆ ಈ ಮುದುಕನನ್ನ ಕರೆಸಿದ್ರು. ಮೊದಲನೇ ಪತ್ರ ಪ್ರಧಾನಮಂತ್ರಿ ಮೆಕೆಂಜಿ ಕಿಂಗ್‌ಗೆ, ಅದೇ ದಿನ ಅದೇ ಸಭೇಲಿ ಗ್ರೆಟ್ನಾದಲ್ಲಿ ಕೂಲಿ ಮಾಡಿದ್ದ ಎಲೆನ್ಯಾಕ್‌ಗೂ. ನನ್ನ ಪೌರತ್ವದ ಸಮಾರಂಭ ಕ್ಯಾಲ್ಗರಿಯಲ್ಲಿ ಆದಾಗ ನಾನು ಪಾರ್ಕಿಂಗ್ ಟೈಮ್ ಮುಗಿಯುತ್ತೆ ಅಂತ ಗಡಿಯಾರ ನೋಡ್ತಾ ಕೂತಿದ್ದೆ, ಈ ಕಥೆ ಆಗ ಗೊತ್ತಿದ್ದಿದ್ರೆ ಬೇರೆ ಥರ ಕೂತಿರ್ತಿದ್ದೆ.

ಊರಾಚೆ ಒಂದು ಹೊಲದ ಬದೂಲಿ ಕಾರ್ ನಿಲ್ಸಿ ಅಂದ್ರು ಅಪ್ಪ. ಇಳಿದು ಕೂತು ಒಂದು ಹಿಡಿ ಮಣ್ಣು ತಗೊಂಡ್ರು. ಕರೀ ಮಣ್ಣು, ಹಿಂಡಿದ್ರೆ ಉಂಡೆ ಆಗುತ್ತೆ, ಬೆರಳಲ್ಲಿ ತಿಕ್ಕಿದ್ರೆ ಪುಡಿ ಆಗುತ್ತೆ. ಉಕ್ರೇನಲ್ಲೂ ಇದೇ ಕರೀ ಮಣ್ಣು, ಚೆರ್ನೊಜೆಮ್ ಅಂತಾರೆ ಅಂದೆ. "ಗೊತ್ತಿರೋ ಮಣ್ಣು ಹುಡುಕ್ಕೊಂಡು ಬಂದಿದಾರೆ" ಅಂದ್ರು. ಅವರು ಮರ ಇರೋ ಜಾಗ ನೋಡಿ ಹಿಡಿದ್ರಂತೆ, ಮರ ಇಲ್ಲದ ಖಾಲಿ ಬಯಲು ಉಳೋಕೆ ಸುಲಭ ಆಗಿದ್ರೂ ಬಿಟ್ಟು, ಊರಲ್ಲಿ ಸೌದೆಗೆ ಪಟ್ಟ ಪಾಡು ಮರೆತಿರ್ಲಿಲ್ಲ. ಇದನ್ನ ಹೇಳಿದಾಗ ನನ್ನ ಹೆಂಡ್ತಿ "ಸೌದೆ ಯೋಚನೆ ಮಾಡಿದೋರು ಹೆಂಗಸರೇ ಇರ್ಬೇಕು" ಅಂದ್ಲು.

ಸ್ಟಾರ್ ಕಡೆ ಹೋಗೋವಾಗ ಹೈವೇ ಬಿಟ್ಟು ಜಲ್ಲಿ ರಸ್ತೆಗೆ ಇಳಿದ್ವಿ. ಇಲ್ಲಿ ದಾರಿ ತಪ್ಪೋದು ಕಷ್ಟ, ನೆಲಾನೇ ಚೌಕ ಚೌಕ ಹಾಕಿಟ್ಟಿದಾರೆ, ಉತ್ತರ ದಕ್ಷಿಣ ರೇಂಜ್ ರೋಡು ಮೈಲಿಗೊಂದು, ಪೂರ್ವ ಪಶ್ಚಿಮ ಟೌನ್‌ಶಿಪ್ ರೋಡು ಎರಡು ಮೈಲಿಗೊಂದು. ಆದ್ರೂ ಮ್ಯಾಪ್ ಡೌನ್‌ಲೋಡ್ ಮಾಡ್ಕೊಂಡೇ ಹೋಗಿ, ನೆಟ್‌ವರ್ಕ್ ಬಂದು ಹೋಗಿ ಮಾಡುತ್ತೆ. ಲಮಾಂಟ್ ಕೌಂಟಿ ಒಂದರಲ್ಲೇ 47 ಚರ್ಚುಗಳು. ಹಳದಿ ಹೊಲದ ಮಧ್ಯ ಇದ್ದಕ್ಕಿದ್ದ ಹಾಗೆ ಒಂದು ಗುಮ್ಮಟ, ಈರುಳ್ಳಿ ಗಡ್ಡೆ ಆಕಾರ, ಬೆಳ್ಳಿ ಬಣ್ಣ, ಇನ್ನೊಂದು ಮೂರು ಮೈಲಿ ಹೋದ್ರೆ ಮತ್ತೊಂದು. ಹೆಚ್ಚಿನವಕ್ಕೆ ಬೀಗ, ವರ್ಷದಲ್ಲಿ ಕೆಲವೇ ದಿನ ಪೂಜೆ. ಸ್ಟಾರ್‌ನವರು ಎಲ್ಲರೂ ಸೇರಿ ಚರ್ಚ್ ಕಟ್ಟಿ, ಆಮೇಲೆ ಕ್ಯಾಥೊಲಿಕ್ಕರದ್ದೋ ಆರ್ಥಡಾಕ್ಸ್‌ನವರದ್ದೋ ಅಂತ ಜಗಳ ಆಗಿ ಕೇಸು ಲಂಡನ್ನಿನ ಪ್ರಿವಿ ಕೌನ್ಸಿಲ್, ಆಗಿನ ಕೊನೇ ಮೇಲ್ಮನವಿ ಕೋರ್ಟು, ಅಲ್ಲಿ ತನಕ ಹೋಗಿ 1907ರಲ್ಲಿ ಆರ್ಥಡಾಕ್ಸ್‌ನವರ ಪರ ತೀರ್ಮಾನ ಆಯ್ತು. ಮಣ್ಣಿನ ಗುಡಿಸಲಲ್ಲಿದ್ದ ಜನ ಲಂಡನ್ ತನಕ ವ್ಯಾಜ್ಯ ನಡೆಸಿದ್ರು ಅಂದ್ರೆ ದೇವರ ಮನೆ ಅವರಿಗೆ ಎಷ್ಟು ದೊಡ್ಡದಿತ್ತು ಅಂತ ಲೆಕ್ಕ ಹಾಕಿ.

ಅಲ್ಲೇ ಟೈರ್ ಪಂಕ್ಚರ್ ಆಯ್ತು. ಚೂಪಾದ ಕಲ್ಲು ಟೈರಿನ ಪಕ್ಕೆಗೇ ಚುಚ್ಚಿತ್ತು. ಸ್ಟೆಪ್ನಿ ವ್ಯಾನಿನ ಕೆಳಗೆ, ಅದನ್ನ ಇಳಿಸೋ ಬೋಲ್ಟು ಉಪ್ಪು ತಿಂದು ತುಕ್ಕು ಹಿಡಿದು ಅಲ್ಲಾಡ್ತಿಲ್ಲ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕೋ ದೇಶದಲ್ಲಿ ಇದನ್ನ ವರ್ಷಕ್ಕೊಂದ್ಸಲ ಬಿಚ್ಚಿ ಎಣ್ಣೆ ಹಾಕಿಡ್ಬೇಕು ಅಂತ ಆವತ್ತು ಕಲಿತೆ. ಬಿಸಿಲು, ಸೊಳ್ಳೆ, ನಲವತ್ತು ನಿಮಿಷ ಒಂದು ಗಾಡಿ ಇಲ್ಲ. ಆಮೇಲೆ ದೂರದಲ್ಲಿ ಧೂಳು ಎದ್ದಿದ್ದು ಕಾಣ್ತು, ಹಳೇ ಪಿಕಪ್ ಟ್ರಕ್ಕು, ಇಳಿದಿದ್ದು ಎಂಬತ್ತು ದಾಟಿದ ಮುದುಕರು. ನನ್ನನ್ನ ಏನೂ ಕೇಳ್ಲಿಲ್ಲ, ಬಗ್ಗಿ ನೋಡಿದ್ರು, ಟ್ರಕ್ಕಿಂದ ಒಂದು ಸ್ಪ್ರೇ ಡಬ್ಬಿ, ಉದ್ದ ಪೈಪು, ಸುತ್ತಿಗೆ ತಂದ್ರು. ಅಪ್ಪನೂ ಅವರ ಪಕ್ಕ ಕೂತ್ರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರಲ್ಲ, ಆದ್ರೂ ಒಬ್ಬರು ಪೈಪ್ ಹಿಡಿದ್ರೆ ಇನ್ನೊಬ್ಬರು ಹೊಡೆಯೋದು, ಹತ್ತು ನಿಮಿಷಕ್ಕೆ ಬೋಲ್ಟು ಬಂತು.

ಆಮೇಲೆ ಟ್ರಕ್ಕಿನ ಹಿಂದೆ ಕೂತು ನೀರು ಕುಡೀತಾ ಒಂದು ಗಂಟೆ ಮಾತು, ನಾನು ಮಧ್ಯ ತರ್ಜುಮೆ. ಮಗಳು ಅವರನ್ನ ಏನಂತ ಕರೀಲಿ ಅಂತ ಕೇಳಿದ್ಲು, "ಗೀದೊ ಅನ್ನು" ಅಂದ್ರು, ಈ ಕಡೆ ಉಕ್ರೇನಿಯನ್ ಮನೆಗಳಲ್ಲಿ ತಾತಂಗೆ ಗೀದೊ, ಅಜ್ಜಿಗೆ ಬಾಬಾ. ಅವರ ಗೀದೊ 1899ರಲ್ಲಿ ಬಂದಿದ್ದಂತೆ. ಬಂದು ಹದಿನೈದು ವರ್ಷ ಬೆವರು ಸುರಿಸಿ ಹೊಲ ಮಾಡಿದ್ಮೇಲೆ ಮೊದಲನೇ ಮಹಾಯುದ್ಧ ಬಂತು, ಅವರ ಹಳೇ ಕಾಗದದಲ್ಲಿ ಆಸ್ಟ್ರಿಯಾ ಅಂತಿತ್ತಲ್ಲ, ಅಷ್ಟಕ್ಕೇ ಶತ್ರು ದೇಶದವರು ಅಂತ ಲೆಕ್ಕ. ತಿಂಗಳು ತಿಂಗಳು ಪೊಲೀಸರ ಹತ್ರ ಹೋಗಿ ಸಹಿ ಹಾಕ್ಬೇಕಿತ್ತು. ಹಾಗೆ 80,000 ಜನರ ಹೆಸರು ಬರೆಸ್ಕೊಂಡಿದ್ರು, 8,579 ಜನರನ್ನ ಕ್ಯಾಂಪಲ್ಲಿ ಕೂಡಿ ಹಾಕಿದ್ರು, ಅದರಲ್ಲಿ ಹೆಚ್ಚಿನವರು ಉಕ್ರೇನಿಯನ್ನರು. ನಾವು ಹೋದ ತಿಂಗಳು ಬ್ಯಾಂಫಲ್ಲಿ ಕಾಸಲ್ ಮೌಂಟನ್ ಮುಂದೆ ನಿಂತು ಫೋಟೋ ತೆಗೆಸ್ಕೊಂಡ್ವಲ್ಲ, ಆ ಬೆಟ್ಟದ ಬುಡದಲ್ಲೂ ಒಂದು ಕ್ಯಾಂಪು ಇತ್ತು, ಅಲ್ಲಿ ರಸ್ತೆ ಕೆಲಸ ಮಾಡಿಸಿದ್ದು ಇವರ ಕೈಲೇ. ನನಗೆ ಹೇಳೋಕೆ ಮಾತೇ ಬರ್ಲಿಲ್ಲ.

ಅವರು ಅಪ್ಪನ್ನ ಕೇಳಿದ್ರು, ನೀವು ಯಾವತ್ತಾದ್ರೂ ಊರು ಬಿಟ್ಟಿದ್ರಾ ಅಂತ. ಇಲ್ಲ ಅಂತಾರೆ ಅಂದ್ಕೊಂಡೆ. ಅಪ್ಪ "ಎರಡು ವರ್ಷ" ಅಂದ್ರು. ಎಂಬತ್ತರ ದಶಕದ ಬರಗಾಲದಲ್ಲಿ ತೆಂಗು ಒಣಗಿ, ಬೆಂಗಳೂರಿಗೆ ಹೋಗಿ ಪೀಣ್ಯದಲ್ಲಿ ಒಂದು ಫ್ಯಾಕ್ಟರಿ ಗೇಟ್ ಕಾದಿದ್ರು ಅಂತ ನನಗೆ ಗೊತ್ತಿತ್ತು. ಗೊತ್ತಿಲ್ದೇ ಇದ್ದಿದ್ದು, ಒಂದು ಯುಗಾದಿಗೆ ಬಸ್ ಚಾರ್ಜಿಗೆ ದುಡ್ಡಿಲ್ದೆ ಅವರು ಊರಿಗೆ ಬರ್ಲಿಲ್ಲ, ಆವತ್ತು ನಾನು ಸಂಜೆ ತನಕ ಬಸ್‌ಸ್ಟ್ಯಾಂಡಲ್ಲಿ ಅವರಿಗೆ ಕಾಯ್ತಾ ಕೂತಿದ್ದೆ ಅಂತ ಅವರಿಗೆ ಆಮೇಲೆ ಅಮ್ಮನಿಂದ ತಿಳೀತು ಅನ್ನೋದು. ಇದನ್ನ ಇಂಗ್ಲಿಷಿಗೆ ಹೇಳೋವಾಗ ನನ್ನ ಗಂಟಲು ಕಟ್ಟಿತು, ಅರ್ಧಕ್ಕೆ ನಿಲ್ಸಿದೆ, ಉಳಿದಿದ್ದನ್ನ ನನ್ನ ಹೆಂಡ್ತಿ ಹೇಳಿದ್ಲು. ಗೀದೊ ಅಪ್ಪನ ಮೊಣಕಾಲ ಮೇಲೆ ಒಂದ್ಸಲ ಕೈ ಇಟ್ರು ಅಷ್ಟೆ.

ಹೊರಡೋವಾಗ ಟ್ರಕ್ಕಿನ ಮುಂದಿನ ಸೀಟಿಂದ ಒಂದು ಬಕೆಟ್ ತೆಗೆದ್ರು, ಎಳೇ ಸೌತೆಕಾಯಿ, ಅದರ ಮೇಲೆ ಒಂದು ದೊಡ್ಡ ಕಟ್ಟು ಸಬ್ಬಸಿಗೆ, ಹೂ ಬಿಡೋಕೆ ಶುರುವಾಗಿತ್ತು. ಉಪ್ಪಿನಕಾಯಿಗೆ ಅಂತ ಮಗಳ ಮನೆಗೆ ಒಯ್ತಿದ್ರಂತೆ. ಅರ್ಧ ನಮಗೆ ಕೊಟ್ರು. "ಕ್ರೀಪ್" ಅಂತ ಅವರ ಭಾಷೇಲಿ ಹೆಸರು ಹೇಳಿದ್ರು, ಅಪ್ಪ "ಸಬ್ಬಸಿಗೆ" ಅಂದ್ರು, ಅವರು ಸಬ್ಬಸಿಗೆ ಅಂತ ಹೇಳೋಕೆ ಮೂರು ಸಲ ಪ್ರಯತ್ನ ಪಟ್ರು.

ಮೂರನೇ ದಿನ

ಮೋಟೆಲಲ್ಲಿ ಬೆಳಿಗ್ಗೆ ಆರಕ್ಕೆ ಕಾಫಿಗೆ ಅಂತ ಕೆಳಗೆ ಹೋದೆ. ರಾತ್ರಿ ಪಾಳಿ ಮುಗಿಸಿ ಹೊರಡ್ತಿದ್ದ ಹುಡುಗ, ಹುಡುಗ ಅಂದ್ರೆ ನನ್ನ ವಯಸ್ಸೇ ಇರ್ಬೇಕು, ಇಂಡಿಯಾನಾ ಅಂತ ಕೇಳ್ದ. ತಾನು ಖಾರ್ಕಿವ್‌ನವನು, 2022ರಲ್ಲಿ ಬಂದಿದ್ದು ಅಂದ. ನಮ್ಮ ಸಿಟೀಲಿ ನಿಮ್ಮ ದೇಶದ ಮೆಡಿಕಲ್ ಹುಡುಗರು ತುಂಬಾ ಇದ್ರು ಅಂದ. ಖಾರ್ಕಿವ್ ಅಂದ ತಕ್ಷಣ ನನಗೆ ನೆನಪಾಗಿದ್ದು ಹಾವೇರಿ ಜಿಲ್ಲೆಯ ಆ ಹುಡುಗ, 2022ರ ಮಾರ್ಚ್ 1ಕ್ಕೆ ಊಟದ ಸಾಮಾನು ತರೋಕೆ ಅಂಗಡಿ ಮುಂದೆ ಕ್ಯೂ ನಿಂತಿದ್ದಾಗ ಶೆಲ್ ದಾಳೀಲಿ ಹೋದವನು. ಅದನ್ನ ಹೇಳ್ದೆ. ಅವನಿಗೂ ಗೊತ್ತಿತ್ತು. ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ನಿಂತ್ವಿ.

ಯುದ್ಧ ಶುರುವಾದ್ಮೇಲೆ 18ರಿಂದ 60 ವರ್ಷದ ಗಂಡಸರು ದೇಶ ಬಿಡೋ ಹಾಗಿರ್ಲಿಲ್ಲ, ನೀನು ಹೇಗೆ ಬಂದೆ ಅಂತ ಕೇಳೋಕೆ ನನಗೆ ಸಂಕೋಚ. ಅವನೇ ಹೇಳ್ದ, ಮೂರು ಜನ ಚಿಕ್ಕ ಮಕ್ಕಳಿದ್ರೆ ತಂದೆಗೆ ಬಿಡ್ತಿದ್ರು, ನಂಗೆ ಮೂವರು ಅಂತ. ಮೂರನೆಯವಳು ಹುಟ್ಟಿದಾಗ ಎಲ್ಲರೂ ಈ ಕಾಲದಲ್ಲಿ ಮೂರು ಯಾಕೆ ಅಂತ ಬೈದಿದ್ರಂತೆ. "ಅವಳೇ ನನ್ನನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದು" ಅಂತ ಫೋನಲ್ಲಿ ಫೋಟೋ ತೋರ್ಸಿದ, ಮುಂದಿನ ಹಲ್ಲು ಬಿದ್ದಿರೋ ಹುಡುಗಿ. ರಾತ್ರಿ ಇಲ್ಲಿ, ಹಗಲು ಒಂದು ಗ್ಯಾರೇಜಲ್ಲಿ, ನಿದ್ದೆ ಮಧ್ಯ ಮಧ್ಯ, ಆದ್ರೆ ಬೆಳಿಗ್ಗೆ ಮಕ್ಕಳಿಗೆ ತಿಂಡಿ ಮಾಡಿ ಹಾಕೋದು ನಾನೇ, ಅದನ್ನ ಯಾರಿಗೂ ಬಿಡಲ್ಲ ಅಂದು ಗಡಿಯಾರ ನೋಡಿ ಹೊರಟೇ ಬಿಟ್ಟ. ಯುದ್ಧದಿಂದ ಹಾಗೆ ಕೆನಡಾಕ್ಕೆ ಬಂದವರು ಸುಮಾರು 3 ಲಕ್ಷ.

ತಿಂಡಿ ಆದ್ಮೇಲೆ ವೆಗ್ರೆವಿಲ್‌ನ ದೊಡ್ಡ ಮೊಟ್ಟೆ ನೋಡೋಕೆ ಹೋದ್ವಿ. ಈಸ್ಟರ್‌ಗೆ ಮೊಟ್ಟೆ ಮೇಲೆ ಜೇನುಮೇಣದಲ್ಲಿ ಗೆರೆ ಬರೆದು, ಹಳದಿಯಿಂದ ಶುರು ಮಾಡಿ ಗಾಢ ಬಣ್ಣದ ತನಕ ಒಂದೊಂದಾಗಿ ಅದ್ದಿ, ಕೊನೆಗೆ ಮೇಣ ಕರಗಿಸಿ ಒರೆಸಿ ಮಾಡೋ ಚಿತ್ತಾರಕ್ಕೆ ಪಿಸಂಕಾ ಅಂತಾರೆ. ಅದನ್ನೇ 1975ರಲ್ಲಿ ಅಲ್ಯುಮಿನಿಯಂನಲ್ಲಿ ಮಾಡಿ ನಿಲ್ಸಿದಾರೆ, ಉದ್ದ 25 ಅಡಿಗೂ ಜಾಸ್ತಿ, ಬರೀ ಮೊಟ್ಟೆ ತೂಕ 5,000 ಪೌಂಡ್. ಬಾಗಿರೋ ಮೈಗೆ ಚಪ್ಪಟೆ ತಗಡು ಕೂರಿಸೋದು ಹೇಗೆ ಅಂತ ಯಾರಿಗೂ ಹೊಳೀದೆ ಯೂಟಾ ಯೂನಿವರ್ಸಿಟಿಯ ರೊನಾಲ್ಡ್ ರೆಶ್ ಕಂಪ್ಯೂಟರಲ್ಲಿ ಲೆಕ್ಕ ಹಾಕಿ ಕೊಟ್ಟಿದ್ದು, 2,208 ತ್ರಿಕೋನ, 524 ನಕ್ಷತ್ರ. ಆದ್ರೆ ಅಪ್ಪಂಗೆ ಇಷ್ಟ ಆಗಿದ್ದು ಅದು ಗಾಳಿಗೆ ತಿರುಗುತ್ತೆ ಅನ್ನೋದು. ಕತ್ತೆತ್ತಿ ನೋಡ್ತಾ ನಿಂತಿದ್ರು, ಅಷ್ಟು ಭಾರದ ಮೊಟ್ಟೆ ಮೆಲ್ಲಗೆ ಪಶ್ಚಿಮಕ್ಕೆ ತಿರುಗಿತು, "ಮಳೆ ಬರುತ್ತೆ ನಡೀರಿ" ಅಂದ್ರು.

ನಾನು ನಂಬ್ಲಿಲ್ಲ, ಬಿಸಿಲಿತ್ತು. ಕ್ಯಾಮ್ರೋಸ್ ಕಡೆ ತಿರುಗಿ ಅರ್ಧ ಗಂಟೆ ಆಗಿಲ್ಲ, ಆಕಾಶ ಹಸಿರು ಕಪ್ಪಾಗಿ ಆಲಿಕಲ್ಲು ಶುರುವಾಯ್ತು, ಗೋಲಿ ಗಾತ್ರ. ಒಂದು ಪೆಟ್ರೋಲ್ ಬಂಕಿನ ಸೂರಿನ ಕೆಳಗೆ ನುಗ್ಗಿದ್ವಿ, ಆಲ್ಬರ್ಟಾದಲ್ಲಿ ಜುಲೈ ಮಧ್ಯಾಹ್ನ ಇಂಥ ಆಕಾಶ ಕಂಡ್ರೆ ಸೂರು ಎಲ್ಲಿದೆ ಅಂತ ಮೊದಲೇ ನೋಡ್ಕೊಳ್ಳಿ. ಎಂಟು ನಿಮಿಷ ಅಷ್ಟೆ. ಎದುರಿನ ಕನೋಲಾ ಹೊಲದ ಹಳದಿಯೆಲ್ಲ ನೆಲಕ್ಕೆ ಬಿದ್ದಿತ್ತು. ಅಪ್ಪ ಕಾರಿಂದ ಇಳಿದು ಆ ಹೊಲದ ಕಡೆ ಮುಖ ಮಾಡಿ ತುಂಬಾ ಹೊತ್ತು ನಿಂತಿದ್ರು, ಯಾರ ಹೊಲಾನೋ ಏನೋ, ನಮ್ಮದೇ ಹೋದ ಹಾಗೆ. ಆಮೇಲೆ ಕ್ಯಾಲ್ಗರಿ ತನಕ ಹೆಚ್ಚು ಮಾತಾಡ್ಲಿಲ್ಲ.

ಮನೆಗೆ ಬಂದಾಗ ರಾತ್ರಿ ಎಂಟೂವರೆ, ಹೊರಗೆ ಇನ್ನೂ ಬೆಳಕು. ನನ್ನ ಹೆಂಡ್ತಿ ಗೀದೊ ಕೊಟ್ಟ ಸಬ್ಬಸಿಗೆ ಹೆಚ್ಚಿ ಅಕ್ಕಿರೊಟ್ಟಿ ತಟ್ಟಿದ್ಲು. ಊರಲ್ಲಿ ಆಗ ಬೆಳಿಗ್ಗೆ, ಅಮ್ಮ ಹಾಲು ಕರೆದು ಒಳಗೆ ಬಂದಿರೋ ಹೊತ್ತು. ಅಪ್ಪ ವಾಟ್ಸಾಪ್ ಕಾಲ್ ಹಚ್ಚಿ, ರೊಟ್ಟಿ ಕೈಲಿ ಹಿಡ್ಕೊಂಡೇ, ಹಗೇವಿನೊಳಗಿನ ಮನೆ, 160 ಎಕರೆ, ಬೋಲ್ಟು, ಮೊಟ್ಟೆ, ಎಲ್ಲಾ ಹೇಳಿ ಕೊನೆಗೆ ಎಲೆನ್ಯಾಕ್ ಕಥೆಗೆ ಬಂದ್ರು. "ಎರಡು ವರ್ಷ ಕೂಲಿ ಮಾಡಿ, ಹಡಗು ಹತ್ತಿ ಊರಿಗೆ ಹೋಗಿ, ಹೆಂಡ್ತಿ ಮಕ್ಕಳನ್ನ ಕರ್ಕೊಂಡೇ ಬಂದ ಕಣೇ ಪುಣ್ಯಾತ್ಮ" ಅಂದ್ರು.

ಅಮ್ಮ ಆ ಕಡೆಯಿಂದ, "ಆ ಎರಡು ವರ್ಷ ಅವಳು ಹೆಂಗಿದ್ಲಂತೆ?" ಅಂದ್ರು.

ಅಪ್ಪ ನನ್ನ ಮುಖ ನೋಡಿದ್ರು. ನಾನು ಓದಿದ್ದರಲ್ಲಿ ಎಲ್ಲೂ ಅದಿರ್ಲಿಲ್ಲ. "ಅದನ್ನ ಕೇಳ್ಲಿಲ್ಲ ಕಣೇ" ಅಂದ್ರು.